ಒಣಗಿದ ಕೊಳದ ಏಣಿ

ಬೂಟು, ಕೊಳದ ಅಂಚಿನ ಮೇಲೆ ಬೂಟು, ಅದೂ ಹೆಜ್ಜೆಗೊಮ್ಮೆ ಕಿರ್ ಅನ್ನುವ ಕರಿ ಬೂಟು, ಅವಳ ಕೈ ತಾನಾಗಿಯೇ ಕತ್ತಿನ ಹತ್ತಿರ ಹೋಯಿತು, ಸ್ವೆಟರಿನ ಒಳಗೆ ಸೀಟಿ ಬೆಚ್ಚಗೆ ಕೂತಿದೆ, ಒಂದು ಸಲ ಊದಿದರೆ ಸಾಕು, ನಗರಸಭೆಯ ಇಂಜಿನಿಯರ್ ಆಗಲಿ ಅವನ ಮುತ್ತಾತನಾಗಲಿ ನಿಂತಲ್ಲೇ ಕಂಬವಾಗಬೇಕು — ದೊಡ್ಡಮ್ಮಾ, ದಮ್ಮಯ್ಯ, ಊದ್ಬೇಡ, ಎಂದು ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ತುಟಿ ಅಲುಗಿಸದೆ ಹೇಳಿದಳು, ಇಲ್ಲ ಕಣೇ, ನನಗೇನು ತಲೆ ಕೆಟ್ಟಿದೆಯಾ, ಇವತ್ತು ಆತ ಕುದುರೆ ಏರಿ ಬಂದರೂ ನನ್ನ ಬಾಯಿಗೆ ಬೀಗ, ಯಾಕೆಂದರೆ ನಗರಸಭೆಯವರು ಎಲ್ಲವನ್ನೂ ಈ ಬೂಟಿನ ಮನುಷ್ಯನ ಮಾತಿಗೆ ಬಿಟ್ಟಿದ್ದಾರೆ, ಇವನು ಹೂಂ ಅಂದರೆ ಈಜುಮನೆ ಉಳಿಯುತ್ತದೆ, ಊಹೂಂ ಅಂದರೆ ಕೆಡವುವ ಯಂತ್ರ ಬರುತ್ತದೆ, ಆಮೇಲೆ ಇಲ್ಲಿ ಕಾರುಗಳು ಒಂದರ ತಲೆಯ ಮೇಲೊಂದು ನಿಲ್ಲುವ ಪಾರ್ಕಿಂಗು, ಪೇಟೆಯ ನಟ್ಟನಡುವಿನ ಜಾಗ ಅಲ್ಲವೇ, ಎಲ್ಲರ ಕಣ್ಣೂ ಇದರ ಮೇಲೆಯೇ — ಗಾಜಿನ ಚಾವಣಿಯಿಂದ ಬಿಸಿಲು ಇಳಿದು ನೀಲಿ ಟೈಲ್ಸಿನ ಮೇಲೆ ಅಲುಗುತ್ತಿದೆ, ನೀರಿಲ್ಲ, ಆದರೂ ನೀರಿದ್ದ ಹಾಗೆಯೇ ಅಲುಗುತ್ತಿದೆ, ಹೊರಗೆ ಮರದ ಎಲೆಗಳು ಆಡುತ್ತಿರಬೇಕು, ಎಷ್ಟು ಚೆಂದ, ಇಂಥ ಮುದುಕಿ ಕಟ್ಟಡಕ್ಕೆ ಇಷ್ಟು ಚೆಂದ ಯಾರು ಕೊಟ್ಟರೋ, ಕೂದಲು ಕಪ್ಪಿದ್ದಾಗಿನಿಂದ ನೋಡುತ್ತಿದ್ದಾಳೆ, ಇನ್ನೂ ಸಾಕೆನಿಸಿಲ್ಲ, ಈ ಊರಿನ ಅರ್ಧ ಮಂದಿಗೆ ಕೈಕಾಲು ಬಡಿಯಲು ಕಲಿಸಿದವಳು ಅವಳೇ, ಸೀಟಿ ಮೇಡಂ, ತರಕಾರಿ ಅಂಗಡಿಯಲ್ಲೂ ಸೀಟಿ ಮೇಡಂ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದರೂ ಸೀಟಿ ಮೇಡಂ ಬಾಯಿ ಇನ್ನೂ ಸ್ವಲ್ಪ ಅಗಲ ತೆಗೀರಿ, ಆ ಡಾಕ್ಟರೂ ಅವಳ ಶಿಷ್ಯನೇ, ಆಮೇಲೆ ನೆಲದಡಿಯ ಕೊಳವೆ ಒಡೆದು ನೀರು ಪಕ್ಕದ ಬಟ್ಟೆ ಅಂಗಡಿಯ ನೆಲಮಾಳಿಗೆಗೆ ನುಗ್ಗಿತು, ಅಂಗಡಿಯ ಥಾನುಗಳೆಲ್ಲ ಈಜು ಕಲಿತವು, ಇನ್ನು ಇಲ್ಲಿ ನೀರು ಬಿಡುವ ಹಾಗೇ ಇಲ್ಲ ಎಂದು ನಗರಸಭೆ ಬೀಗ ಹಾಕಿತು. ಒಂದು ಕೀಲಿ ಮಾತ್ರ ಅವಳ ಹತ್ತಿರವೇ ಉಳಿಯಿತು, ವಾಪಸು ಕೇಳಲು ಯಾರಿಗೂ ನೆನಪಾಗಲಿಲ್ಲ.

ಉಳಿದದ್ದು ಒಳ್ಳೆಯದೇ ಆಯಿತು, ತಂಗಿಯ ಮಗಳ ನಾಟಕದ ತಂಡವನ್ನು ತಾಲೀಮಿಗೆ ಜಾಗ ಕೊಟ್ಟಿದ್ದ ಗ್ಯಾರೇಜಿನವನು ಓಡಿಸಿದ್ದು ಆ ಚಳಿಗಾಲದಲ್ಲೇ, ನೀವು ಸಾಯೋವಾಗ ಕಿರುಚೋದು ಕೇಳಿ ನನ್ನ ಗಿರಾಕಿಗಳು ಗಾಡಿ ಬಿಟ್ಟು ಓಡ್ತಾರಮ್ಮಾ ಅಂದನಂತೆ, ದೊಡ್ಡಮ್ಮಾ, ಎಲ್ಲಾದ್ರೂ ಜಾಗ ಇದ್ಯಾ, ಜಾಗ ಎಲ್ಲಿಂದ ತರಲೇ, ಒಂದು ಹೊಂಡ ಇದೆ, ಬರ್ತೀರಾ, ಬಂದೇ ಬಿಟ್ಟರು, ಬಣ್ಣದ ಪೆಟ್ಟಿಗೆ ಹೊತ್ತು, ರಟ್ಟಿನ ಕಿರೀಟ ಹೊತ್ತು, ಸೀದಾ ಏಣಿಗೆ ಹೋದರು, ಆಗ ನೋಡಬೇಕಿತ್ತು, ಒಬ್ಬೊಬ್ಬರೂ ಮೊದಲ ಮೆಟ್ಟಿಲಿನಲ್ಲಿ ನಿಂತು, ಕೆನ್ನೆ ಉಬ್ಬಿಸಿ, ಉಸಿರು ಹಿಡಿದು ಇಳಿದರು, ಒಣಗಿದ ಕೊಳಕ್ಕೆ!, ರಾಜ ಇಳಿದ, ರಾಣಿ ಇಳಿದಳು, ಕೊನೆಗೆ ಈ ಹುಡುಗಿಯೂ, ತಳಕ್ಕೆ ಕಾಲು ತಾಗಿದ ಮೇಲೇ ಬುಸ್ ಎಂದು ಬಿಟ್ಟರು, ಎಲ್ಲ ಇಲ್ಲೇ ಕಲಿತ ಗಿರಾಕಿಗಳು, ಉಸಿರು ಹಿಡಿ, ಕೆನ್ನೆ ಉಬ್ಬಿಸು, ಇಳಿ, ಅವಳೇ ಹೇಳಿಕೊಟ್ಟದ್ದು, ಮೈಗೆ ಹತ್ತಿದ್ದು ಅಷ್ಟು ಸುಲಭಕ್ಕೆ ಬಿಟ್ಟುಹೋಗುತ್ತದೆಯೇ, ನಕ್ಕು ನಕ್ಕು ಅವಳಿಗೆ ಪಕ್ಕೆ ಹಿಡಿದುಕೊಂಡಿತ್ತು — ಮೊದಲು ರಂಗವನ್ನು ಹೂಡಿದ್ದು ಆಳವಿಲ್ಲದ ಕಡೆ, ಬಾಗಿಲು ಅತ್ತಲೇ ಇದೆ, ಸಾಮಾನು ಸಾಗಿಸಲು ಸುಲಭ, ನೋಡುವವರ ಕುರ್ಚಿಗಳು ಆಳದ ಕಡೆ, ನಾಟಕ ನೋಡಲು ಪರ ಊರಿನಿಂದ ಒಂದಷ್ಟು ಹೊಸಬರು ಬಂದು ಆ ತಗ್ಗಿನಲ್ಲಿ ಕೂತರು, ಮುಂದಿನವರ ಬೆನ್ನು ಬಿಟ್ಟರೆ ಅವರಿಗೆ ಏನೂ ಕಾಣದು, ಅದೆಲ್ಲ ಅವಳ ತಲೆಗೆ ಹೋಗಲಿಲ್ಲ, ಕಂಡದ್ದು ಒಂದೇ, ಈಜು ಬಾರದವರು ಹನ್ನೆರಡು ಅಡಿಯ ಗುರುತಿನ ಕೆಳಗೆ!, ಸೀಟಿ ಬಾಯಿಗೆ ಬಂದದ್ದೂ ಗೊತ್ತಾಗಲಿಲ್ಲ, ಪೀಂ, ಹೊಸಬರೆಲ್ಲ ಈ ಕಡೆ ಬನ್ನಿ, ಆಳದಲ್ಲಿ ಕಲಿತವರು ಮಾತ್ರ ಇರ್ಬೇಕು, ಸಾಯುತ್ತಿದ್ದ ರಾಜ ಎದ್ದು ಕೂತ, ಬಡಪಾಯಿಗಳು ಕುರ್ಚಿ ಎತ್ತಿಕೊಂಡು ಮೇಲೆ ಓಡಿ ಬಂದರು, ನಟರು ಬೈಸಿಕೊಂಡ ಮುಖ ಮಾಡಿ ಕೆಳಗಿಳಿದರು, ಆಮೇಲೆ ಅವಳಿಗೇ ನಾಚಿಕೆ, ಅಯ್ಯಯ್ಯೋ, ನೀರೇ ಇಲ್ಲವಲ್ಲ, ಆದರೆ ತಂಗಿಯ ಮಗಳು ನಡುವೆ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು, ಇಳಿಜಾರಿನಲ್ಲಿ ಹಿಂದಿನ ಕುರ್ಚಿ ಮುಂದಿನದಕ್ಕಿಂತ ಎತ್ತರ, ಎಲ್ಲರಿಗೂ ಎಲ್ಲ ಕಾಣುತ್ತದೆ, ದೊಡ್ಡಮ್ಮಾ, ಅಂದಳು, ಇದನ್ನ ಕಟ್ಟಿದವನು ನಾಟಕಕ್ಕೇಂತ ಕಟ್ಟಿ, ಮರೆತು ನೀರು ಬಿಟ್ಟುಬಿಟ್ಟಿದ್ದಾನೆ ನೋಡು. ಅವತ್ತಿನಿಂದ ರಂಗ ಆಳದಲ್ಲಿಯೇ ಇದೆ.

ಕಿರ್, ಕಿರ್, ಆತ ಟೇಪು ಹಿಡಿದು ಅಂಚಿನುದ್ದಕ್ಕೂ ನಡೆಯುತ್ತಿದ್ದಾನೆ, ನೆಲ ಇಷ್ಟೊಂದು ಇಳಿಜಾರಿದೆ, ಇಟ್ಕೊಂಡು ಏನ್ ಮಾಡ್ತೀರಮ್ಮಾ, ಮಣ್ಣು ತುಂಬಿಸಿ ಮಟ್ಟ ಮಾಡೋದಕ್ಕಿಂತ ಕೆಡವೋದೇ ವಾಸಿ, ಎಂದ, ಹುಡುಗಿಯ ಮುಖ ಬಾಡಿತು, ಸಾರ್, ಆ ಇಳಿಜಾರೇ ನಮಗೆ ಬೇಕಾಗಿರೋದು, ಒಂದ್ಸಲ ಕೆಳಗಿಳಿದು ಮಾತಾಡಿ ನೋಡಿ, ಪಿಸುಗುಟ್ಟಿದ್ರೂ ಕೊನೇ ಬೆಂಚಿಗೆ ಕೇಳುತ್ತೆ, ಬೇಡ ಬೇಡ, ನಂಗೆ ಇಲ್ಲಿಂದಲೇ ಎಲ್ಲ ಕಾಣ್ಸುತ್ತೆ, ಕಾಣಿಸುತ್ತದೆಯಂತೆ, ಮಣ್ಣಂಗಟ್ಟಿ, ಮೇಲೆ ನಿಂತವನಿಗೆ ಕಾಣುವುದು ಹೊಂಡವೇ, ಅಲ್ಲ, ಇಳಿಯಲು ಇವನಿಗೇನು ಧಾಡಿ, ಹಾಂ, ತಪ್ಪು ನಮ್ಮದೂ ಇದೆ, ಸಂಭ್ರಮ ತಡೆಯಲಾರದೆ ಈ ಹುಡುಗಿ ಶಾಲೆಯಿಂದ ಬೆಂಚು ತರಿಸಿ ಗೋಡೆಯಿಂದ ಗೋಡೆಗೆ ಜೋಡಿಸಿದ್ದಾಳೆ, ನಡುವೆ ಬೆಕ್ಕು ನುಸುಳಲೂ ದಾರಿಯಿಲ್ಲ, ಆಳಕ್ಕೆ ಹೋಗಲು ಉಳಿದದ್ದು ಏಣಿಯೊಂದೇ, ಆತ ಏಣಿಯ ಬಳಿ ಹೋಗುತ್ತಾನೆ, ಹಿಡಿ ಮುಟ್ಟುತ್ತಾನೆ, ವಾಪಸು ಬರುತ್ತಾನೆ, ಮತ್ತೆ ಹೋಗುತ್ತಾನೆ, ಮುಟ್ಟುತ್ತಾನೆ, ಬರುತ್ತಾನೆ, ಈ ಹೋಗಿ ಬರುವುದನ್ನು ಎಲ್ಲೋ ನೋಡಿದ್ದೇನಲ್ಲ, ಎಲ್ಲಿ, ಆತ ಬೆನ್ನು ತಿರುಗಿಸಿದ, ಕಿವಿ ಕಂಡವು, ಎರಡೂ ಬದಿ ಬಾಗಿಲು ತೆರೆದಿಟ್ಟ ಹಾಗೆ ಎರಡು ಕಿವಿ, ಬಿಸಿಲು ಬಿದ್ದು ಕೆಂಪಗಾದ ಕಿವಿ, ಅಯ್ಯೋ ದೇವರೇ, ಉಪ್ಪುಮೂಟೆ!, ಇವನು ನಮ್ಮ ಉಪ್ಪುಮೂಟೆ, ಒಂದಿಡೀ ಬೇಸಿಗೆ ಸೊಂಟದ ನೀರಿನಲ್ಲೂ ಅವಳ ಬೆನ್ನಿಗೆ ಅಂಟಿಕೊಂಡು ಕತ್ತು ಬಿಡದಿದ್ದವನು, ಕ್ಲಾಸು ಮುಗಿದ ಮೇಲೆ ದಿನಾ ಏಣಿಗೆ ಹೋಗುತ್ತಿದ್ದ, ಮೊದಲ ಮೆಟ್ಟಿಲಿನಲ್ಲಿ ನಿಂತು, ಮೂಗು ಹಿಡಿದು, ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಇಳಿಯೋ, ಇನ್ನೇನು ಇಳಿದ, ಕೆನ್ನೆ ಕೆಂಪಾಗುತ್ತಿತ್ತು, ಪಟ್ಟನೆ ವಾಪಸು ಹತ್ತಿಬಿಡುತ್ತಿದ್ದ, ನಾಳೆ ಮೇಡಂ, ಖಂಡಿತ ನಾಳೆ, ಅಷ್ಟರಲ್ಲಿ ಅವನ ಅಪ್ಪನಿಗೆ ಬೇರೆ ಊರಿಗೆ ವರ್ಗವಾಯಿತು. ಅವನನ್ನು ಅವಳು ಎಷ್ಟೋ ಸಲ ನೆನೆಸಿಕೊಂಡಿದ್ದಾಳೆ.

ಲೋ ಉಪ್ಪುಮೂಟೆ, ಅಂದರೆ ಈಗ ನಗುತ್ತಾನೋ ಸಿಡಿಯುತ್ತಾನೋ, ಸಿಡಿದರೆ ಈಜುಮನೆ ಹೋಯಿತು, ಸುಮ್ಮನಿದ್ದರೆ ಮೇಲಿಂದಲೇ ನೋಡಿ ಹೋಗುತ್ತಾನೆ, ಆಗಲೂ ಹೋಯಿತು, ಅವಳಿಗೆ ಈ ಮನೆ ಬೇಕು, ನೀರಿಲ್ಲದಿದ್ದರೂ ಬೇಕು, ಮಕ್ಕಳ ಬದಲು ರಾಜರಾಣಿಯರೇ ಗದ್ದಲ ಮಾಡಲಿ, ಒಳಗೆ ಗದ್ದಲ ಇದ್ದರೆ ಸಾಕು, ಎದ್ದೇ ಬಿಟ್ಟಳು, ಬರಿಗಾಲಲ್ಲಿ ಏಣಿಯ ತನಕ ಹೋದಳು, ಊದಲಿಲ್ಲ, ಮಾತಿಗೆ ತಪ್ಪಲಿಲ್ಲ, ಮೆತ್ತಗೆ, ಬೂಟು, ಅಂದಳು ಅಷ್ಟೇ — ಆತ ತಿರುಗಿದ, ಅವಳ ಮುಖ ನೋಡಿದ, ಕತ್ತಿನ ದಾರ ನೋಡಿದ, ಕಿವಿ ಇನ್ನಷ್ಟು ಕೆಂಪಾದವು, ಸಾರಿ ಮೇಡಂ, ಅಂದ, ಅದು ಇಂಜಿನಿಯರನ ದನಿಯಲ್ಲ, ಬಗ್ಗಿ ಬೂಟು ಬಿಚ್ಚಿದ, ಕಾಲುಚೀಲ ಒಳಗೆ ತುರುಕಿದ, ಜೋಡಿಯನ್ನು ಗೋಡೆಯ ಪಕ್ಕ ನೆಟ್ಟಗೆ ಇಟ್ಟ, ಅವಳು ಕಲಿಸಿದ ಹಾಗೆಯೇ, ಮರೆತಿಲ್ಲ ಇವನು, ಏನೂ ಮರೆತಿಲ್ಲ, ಮೊದಲ ಮೆಟ್ಟಿಲು, ಒಂದು ಕೈ ಏಣಿಗೆ, ಒಂದು ಕೈ ಮೂಗಿಗೆ, ಕಣ್ಣು ಮುಚ್ಚಿತು, ಕೆನ್ನೆ ಉಬ್ಬಿತು, ತಂಗಿಯ ಮಗಳಿಗೆ ನಗು ಉಕ್ಕಿ ಬರುತ್ತಿದೆ, ನಕ್ಕೀಯೆ ಜೋಕೆ ಎಂದು ಕಣ್ಣಲ್ಲೇ ಗದರಿದಳು, ಕೆನ್ನೆ ಕೆಂಪಾಗುತ್ತಿದೆ, ಈಗ ಹತ್ತಿಬಿಡುತ್ತಾನೆ, ನಾಳೆ ಮೇಡಂ ಅನ್ನುತ್ತಾನೆ, ನಾಳೆ ಇಲ್ಲಪ್ಪಾ, ನಾಳೆ ಕಾರುಗಳು ಬರುತ್ತವೆ, ನಾನಿದ್ದೀನಲ್ಲೋ, ಇಳಿಯೋ, ಅಂದೇ ಬಿಟ್ಟಳು, ಜೋರಾಗಿಯೇ, ಎರಡನೇ ಮೆಟ್ಟಿಲು, ಮೂರನೆಯದು, ಸೊಂಟ ಹೋಯಿತು, ಭುಜ ಹೋಯಿತು, ಕಿವಿಗಳು ಅಂಚಿನ ಕೆಳಗೆ ಮುಳುಗಿದವು, ಬರಿಗಾಲು ಟೈಲ್ಸಿಗೆ ತಾಗಿದ ಸಣ್ಣ ಸದ್ದು, ಬುಸ್, ಆಮೇಲೆ ಪಿಸುಮಾತು, ಮೇಡಂ, ತಳ ಸಿಕ್ತು, ಸಿಕ್ತು ಎಂದು ಗೋಡೆ ಹೇಳಿತು, ಸಿಕ್ತು ಎಂದು ಗಾಜು ಹೇಳಿತು, ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ, ಕೊಳಕ್ಕೆ ನೀರು ಬಿಡುತ್ತಿದ್ದ ಹಳೆಯ ಪಂಪಿನವನು ತಟ್ಟನೆ ಎದ್ದು, ಏನ್ ಸಿಕ್ತು, ಯಾರಿಗೆ ಸಿಕ್ತು, ಅಂದ, ಕೆಳಗೆ ಇಂಜಿನಿಯರ್ ನಕ್ಕ, ಆ ನಗು ಇಡೀ ಮನೆ ಸುತ್ತಿ ಬಂತು, ಸಾಲು ಸಾಲಾಗಿ ಮೇಲೇರಿದ ಬೆಂಚುಗಳನ್ನು ಆಳದಿಂದ ನೋಡಿದ, ಕತ್ತೆತ್ತಿ ಗಾಜು ನೋಡಿದ, ಮತ್ತೆ ಬೆಂಚು ನೋಡಿದ, ಮಧ್ಯ ಒಂದು ದಾರಿ ಬಿಡಮ್ಮಾ, ಅಂದ, ಇಷ್ಟು ಜನ ಬಂದು ಕೂತ್ರೆ ಎದ್ದು ಹೋಗೋಕೆ ದಾರಿ ಬೇಡ್ವಾ, ಪಾರ್ಕಿಂಗಿಗೆ ಬೇರೆ ಎಲ್ಲಾದ್ರೂ ನೋಡೋಣ, ಅಂದ, ಅಂದನಲ್ಲ, ಅಂದೇ ಬಿಟ್ಟನಲ್ಲ, ಹುಡುಗಿ ಕಿರುಚಿಕೊಂಡು ಓಡಿ ಬರುತ್ತಿದ್ದಾಳೆ, ಅಂಚಿನ ಮೇಲೆ ಓಡಬಾರದು, ಎಷ್ಟು ಸಲ ಹೇಳಿದ್ದೇನೆ, ಸೀಟಿ ಬಾಯಿಗೆ ಬಂದಾಯಿತು, ಊದಬೇಕು, ಊದಲಾಗುತ್ತಿಲ್ಲ, ಬಾಯಿ ತುಂಬ ಗಾಳಿ, ಯಾವಾಗ ಹಿಡಿದುಕೊಂಡಳೋ ಈ ಉಸಿರು, ಬಿಡಲು ಮನಸ್ಸೇ ಇಲ್ಲ, ಎದುರಿಗೆ ಏಣಿ, ಏಣಿಯ ಮೊದಲ ಮೆಟ್ಟಿಲು, ಅಲ್ಲಿ ಆ ಬೇಸಿಗೆಯ ಹುಡುಗ, ಚಡ್ಡಿ ಹಾಕಿ, ಮೂಗು ಹಿಡಿದು, ಕಣ್ಣು ಮುಚ್ಚಿ, ಎರಡು ಕೆಂಪು ಕಿವಿಗಳ ನಡುವೆ ಉಬ್ಬಿದ ಕೆನ್ನೆ, ಎರಡು ಉಬ್ಬಿದ ಕೆನ್ನೆ —