ಕಿವುಡ ಸಿದ್ದಲಿಂಗಪ್ಪನ ಅದಲುಬದಲು

ಮನೋಜನ ಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಬಸವಣ್ಣೆಪ್ಪ ಸುತ್ತಲೂ ನೋಡಿ ಮೂಗು ಮುರಿದ. ಎರಡು ಕಾರು, ಎರಡು ಗ್ಯಾರೇಜು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡಕ್ಕೂ ಗತಿಯಿಲ್ಲದ ಹುಲ್ಲು. ಸಿಡ್ನಿಯ ಈ ಬಡಾವಣೆಗೆ ಕೆಲ್ಲಿವಿಲ್ ಎಂದು ಹೆಸರು, ಮೂವತ್ತು ವರ್ಷದ ಮಾರ್ಟ್‌ಗೇಜ್ ಬೇರೆ. ಮಾರ್ಕರ್ ಹಿಡಿದು ಬೋರ್ಡಿನ ಮುಂದೆ ನಿಂತಿದ್ದ ಮನೋಜ್ ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದವನು. ಅಲ್ಲಿಂದ ಅವನು ತಂದದ್ದು ಒಂದು ಹೊಟ್ಟೆ ಮತ್ತು ಒಂದು ಬೇಸ್‌ಬಾಲ್ ಸೀಡಿ, ಅಷ್ಟೇ ಎಂದು ಬಸವಣ್ಣೆಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಲೀಗ್ ಹುಟ್ಟಿದ್ದು ಆ ಸೀಡಿಯಿಂದಲೇ. ಹಳೆಯ ಕಾಲದ ಅಮೆರಿಕನ್ ಆಟಗಾರರ ದಾಖಲೆಯೆಲ್ಲ ಅದರೊಳಗಿತ್ತು. ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯ ಎಂಟು ಜನ ಕನ್ನಡಿಗರು ಒಂದೊಂದು ತಂಡ ಕಟ್ಟಿಕೊಂಡಿದ್ದರು. ಪಂದ್ಯಗಳನ್ನು ಕಂಪ್ಯೂಟರೇ ಆಡಿ ಮುಗಿಸುತ್ತಿತ್ತು. ಒಂದೊಂದು ಸೀಸನ್ನಿಗೆ ಒಂದೊಂದು ಹಳೆಯ ವರ್ಷ; ಸತ್ತು ಮಣ್ಣಾದವರೆಲ್ಲ ಎದ್ದು ಬಂದು, ಆ ವರ್ಷ ಹೇಗೆ ಆಡಿದ್ದರೋ ಹಾಗೆಯೇ ಬ್ಯಾಟು ಬೀಸುತ್ತಿದ್ದರು. ಅವರ ಹೆಸರುಗಳಿಗೆ ನಾಲಗೆ ಹೊರಳದೆ ಇವರು ಊರ ಕಡೆಯ ಹೆಸರುಗಳನ್ನೇ ಇಟ್ಟಿದ್ದರು. ಡೊಳ್ಳುಹೊಟ್ಟೆಯ ಹೊಡೆತಗಾರ ಶಾಂತವೀರಪ್ಪನಾಗಿದ್ದ. ಒಂದು ಕಿವಿ ಕೇಳದ, ಆದರೆ ಚೆಂಡೆಸೆಯುವುದರಲ್ಲಿ ಗಟ್ಟಿಗನಾದವನು ಕಿವುಡ ಸಿದ್ದಲಿಂಗಪ್ಪ.

ಕಳೆದ ಸಲ ಬಸವಣ್ಣೆಪ್ಪನ ತಂಡ ಎಲ್ಲರಿಗಿಂತ ಕೊನೆಗೆ ಬಿದ್ದಿತ್ತು. ಎರಡು ಸಲ ಕೊನೆಗೆ ಬಿದ್ದವನು ಲೀಗ್ ಬಿಡಬೇಕೆಂಬುದು ನಿಯಮ; ಒಳಗೆ ಬರಲು ಕಾಯುತ್ತಿದ್ದವರೂ ಇದ್ದರು. ಬಿಟ್ಟರೆ ಗಂಟೇನು ಹೋಗುತ್ತದೆ ಎಂದು ಅವನು ಎಲ್ಲರೆದುರು ಹೇಳಿಕೊಂಡು ತಿರುಗಿದ. ಆದರೆ ಹೆಂಡತಿ ವಾಸಂತಿ ಬೇರೆಯಾಗಿ ಬ್ರಿಸ್ಬೇನಿಗೆ ಹೋದ ಮೇಲೆ ಮೆಲ್ಬರ್ನಿನ ವೆರಿಬೀಯಲ್ಲಿ ಅವನೊಬ್ಬನೇ ಇದ್ದ ಯೂನಿಟ್ಟಿಗೆ ಫೋನು ಮಾಡುತ್ತಿದ್ದವರು ಲೀಗಿನ ಇವರು ಮಾತ್ರ. ಇವರನ್ನು ಬೈಯದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಇವರೂ ಇಲ್ಲವಾದರೆ ಬೈಯುವುದಕ್ಕಾದರೂ ಯಾರಿದ್ದರು? ಅದನ್ನು ನೆನೆದರೆ ಅವನಿಗೆ ನಿಜವಾಗಿ ಭಯವಾಗುತ್ತಿತ್ತು.

ಹಾಗಾಗಿ ತಂಡವನ್ನು ಮತ್ತೆ ಕಟ್ಟಲು ಹಟಕ್ಕೆ ಬಿದ್ದ. ಲೀಗಿನ ಕಾಲ ಆಗ ಸಾವಿರದ ಒಂಬೈನೂರ ನಲವತ್ತೆರಡನ್ನು ದಾಟುತ್ತಿತ್ತು. ಲೈಬ್ರರಿಯಲ್ಲಿ ಒಂದು ಪುಸ್ತಕ ತಿರುವುತ್ತಿದ್ದಾಗ ಅವನಿಗೆ ಥಟ್ಟನೆ ಹೊಳೆಯಿತು: ಮಹಾಯುದ್ಧ! ಗಟ್ಟಿಮುಟ್ಟಾದ ಹುಡುಗರೆಲ್ಲ ಇನ್ನು ಸೈನ್ಯಕ್ಕೆ ಹೋಗುತ್ತಾರೆ, ಮೂರು ವರ್ಷ ಅವರ ದಾಖಲೆಯೇ ಖಾಲಿ. ಆಡಲು ಉಳಿಯುವವರು ಸೈನ್ಯಕ್ಕೆ ಬೇಡವಾದ ಕಿವುಡರು, ಕುಂಟರು, ಡೊಳ್ಳುಹೊಟ್ಟೆಯವರು. ಕ್ರಿಕೆಟ್ಟಿನ ಸರಾಸರಿ ಬಾಯಿಪಾಠ ಮಾಡಿ ಬೆಳೆದ ಈ ಬೆಂಗಳೂರು ಪಂಡಿತರಿಗೆ ಮೈದಾನದ ಆಚೆಗೂ ಒಂದು ಪ್ರಪಂಚವಿತ್ತೆಂಬುದು ಎಲ್ಲಿ ತಿಳಿಯಬೇಕು? ತನ್ನ ಮೂವರು ಎಳೆಯ ಹುಲಿಗಳನ್ನು ಕೊಡುತ್ತೇನೆ, ಬದಲಿಗೆ ಕಿವುಡನನ್ನೂ ಡೊಳ್ಳನ್ನೂ ಕೊಡು ಎಂದು ಮನೋಜನಿಗೆ ಈಮೇಲ್ ಹಾಕಿದ. ಅಂದು ಸಂಜೆಯೇ ಮನೋಜ್ ಒಪ್ಪಿದ. ಬಸವಣ್ಣೆಪ್ಪ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕ.

ಇವತ್ತು ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ. ಮೆಲ್ಬರ್ನಿನವರೆಲ್ಲ ವಿಮಾನ ಹತ್ತಿ ಬಂದಿದ್ದರು. ಪಾಯಿಂಟ್ ಕುಕ್ಕಿನ ಹಿರಿಯ ಮೂರ್ತಿ ದಾರಿಯುದ್ದಕ್ಕೂ ಬಸವಣ್ಣೆಪ್ಪನ ಪಕ್ಕ ಕೂತು ಅವನು ಮನೋಜನನ್ನು ಆಡಿಕೊಳ್ಳುವುದನ್ನು ಕೇಳಿ ಕೇಳಿ ಬೇಸತ್ತಿದ್ದರು. ಊಟ ಮುಗಿಯಿತು. ಬಸವಣ್ಣೆಪ್ಪನಿಗೆ ಇನ್ನು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ.

"ಮನೋಜಾ, ನನ್ನ ಕಡಿಂದ ತಗೊಂಡ ಹುಡುಗ್ರು ಈ ವರ್ಷ ಎಲ್ಲಿ ಆಡ್ತಾರ ಗೊತ್ತೈತೇನು? ಯುದ್ಧದಾಗ. ಎರಡನೇ ಮಹಾಯುದ್ಧ ಅಂತ ಒಂದಿತ್ತಪಾ. ನಮ್ಮ ಸಾಲ್ಯಾಗ ಹೇಳಿದ್ರು, ನಿಮ್ಮ ಕಾನ್ವೆಂಟ್‌ನಾಗ ಹೇಳಿರಲಿಕ್ಕಿಲ್ಲ."

ಯಾರೂ ನಗಲಿಲ್ಲ. ಮನೋಜ್ ತಲೆ ಕೆರೆದುಕೊಂಡು, ಹೌದಲ್ಲ, ಮಿಸ್ ಮಾಡಿಕೊಂಡೆ ಎಂದ. ಆ ಮಾತು ಬೇಕಾದ್ದಕ್ಕಿಂತ ಬೇಗ ಬಂತು. ಅವನ ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

"ಸಾಕು ಬಿಡು ಮನೋಜ್, ಎಷ್ಟು ಆಕ್ಟಿಂಗ್ ಮಾಡ್ತೀಯ," ಎಂದರು ಮೂರ್ತಿ. "ಬಸವಣ್ಣೆಪ್ಪ, ಯುದ್ಧದ ವಿಷಯ ಇವನು ಮೊದಲನೇ ಮೀಟಿಂಗಲ್ಲೇ ನಮಗೆಲ್ಲ ಹೇಳಿದ್ದ. ವಾಸಂತಿ ಹೊರಟ ವಾರ ಅದು, ನೀನು ಬಂದಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಟ್ರೇಡ್ ಒಪ್ಕೊಂಡ. ನೀನು ಔಟ್ ಆಗೋದು ಬೇಡ ಅಂತ."

ಬಸವಣ್ಣೆಪ್ಪನ ಕಿವಿಗಳು ಬಿಸಿಯಾದವು. ಇವರು ಮೂರ್ಖರು ಎಂದುಕೊಂಡಿದ್ದ, ಮೂರ್ಖರಾಗಿದ್ದರೇ ಚೆನ್ನಾಗಿತ್ತು. ಕನಿಕರ! ಬೀದಿ ನಾಯಿಗೆ ಬಿಸ್ಕತ್ತು ಎಸೆದ ಹಾಗೆ ಕಿವುಡ ಸಿದ್ದಲಿಂಗಪ್ಪನನ್ನು ತನ್ನತ್ತ ಎಸೆದಿದ್ದರು, ತಾನು ಬಾಲ ಅಲ್ಲಾಡಿಸುತ್ತ ಕಚ್ಚಿಕೊಂಡು ಓಡಿದ್ದ. ಎದ್ದು ಹೊರಗೆ ಹೋದ.

ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯಲ್ಲಿ ತನ್ನ ಬೂಟು ಹುಡುಕಿ ಒಂದನ್ನು ಹಾಕಿಕೊಂಡ. ಆಮೇಲೆ ಎಲ್ಲಿಗೆ? ವಿಮಾನ ಇದ್ದದ್ದು ನಾಳೆ. ಹಾಸಿಗೆ ಇದ್ದದ್ದು ಇದೇ ಮನೆಯಲ್ಲಿ. ಒಳಗಿನಿಂದ ಬೈಗುಳ ಕೇಳಿಸಬಹುದೆಂದು ಕಿವಿಗೊಟ್ಟ, ಅದೂ ಇಲ್ಲ. ಕೊನೆಗೆ ಬಿದ್ದ ತಂಡ ಮೊದಲು ಆರಿಸಿಕೊಳ್ಳಬೇಕು. ಅವನ ಸರದಿ ಮುಗಿಯದೆ ಆಟ ಮುಂದೆ ಹೋಗುವಂತಿರಲಿಲ್ಲ, ಅದನ್ನು ದಾಟಿಸಿ ಹೋಗೋಣವೆಂದು ಆ ಏಳು ಜನರಲ್ಲಿ ಒಬ್ಬನೂ ಹೇಳಲಿಲ್ಲ. ಸುಮ್ಮನೆ ಕೂತು ಕಾಯುತ್ತಿದ್ದರು, ದರಿದ್ರದವರು.

ಅವನು ಒಳಗೆ ಬಂದು ಬಾಗಿಲ ಬಳಿಯೇ ನಿಂತು ಒಂದು ಹೆಸರು ಹೇಳಿದ. ಅದು ಹತ್ತೊಂಬತ್ತರ ಒಬ್ಬ ಹುಡುಗನದು, ಮುಂದೆ ದೊಡ್ಡ ಆಟಗಾರನಾಗುವವನು.

ಮೂರ್ತಿ ಮೆತ್ತಗೆ, "ಅವನೂ ಯುದ್ಧಕ್ಕೆ ಹೋಗ್ತಾನಲ್ಲೋ. ಮೂರು ಸೀಸನ್ ಅವನಿಂದ ಏನೂ ಸಿಗಲ್ಲ," ಎಂದರು.

"ಗೊತ್ತೈತ್ರಿ," ಎಂದ ಬಸವಣ್ಣೆಪ್ಪ ನೆಲ ನೋಡುತ್ತ. "ಅಂವ ಬರೂತನಕ ಇರ್ತೀನಿ. ನೀವು ಇರಗೊಟ್ರ."

ಮನೋಜ್ ಬೋರ್ಡಿನ ಕಡೆ ತಿರುಗಿ ಹುಡುಗನ ಹೆಸರನ್ನು ಬರೆಯತೊಡಗಿದ. ಮೂರ್ತಿ ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟರು. ಬಸವಣ್ಣೆಪ್ಪ ಒಂದು ಕಾಲಲ್ಲಿ ಬೂಟು ಹಾಕಿಕೊಂಡೇ, ಮನೋಜನ ಹೆಂಡತಿ ಒರೆಸಿಟ್ಟ ನೆಲದ ಮೇಲೆ ನಡೆದುಬಂದು ಅಲ್ಲಿ ಕೂತ.