ಹಾಡಿನೊಳಗಿನ ಉಸಿರು

"ನಿಲ್ಲಿಸು," ಎಂದಳು ಮಾರಿಸಾ.

ಇಂಚರಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಫ್ರೀಮಾಂಟಿನ ಆ ಗರಾಜಿನಲ್ಲಿ ಬಟ್ಟೆ ಒಗೆಯುವ ಯಂತ್ರದ ಸದ್ದೊಂದೇ ಉಳಿಯಿತು.

ಗಿರ್ಮಿಟ್ಟಿನ ತಟ್ಟೆ ಹಿಡಿದು ಬಂದ ಮಾಧುರಿ ಬಾಗಿಲಲ್ಲೇ ನಿಂತಳು. ಮಗಳು ಇಂಚರಾ ಹಾಡಿನ ತಾಳಕ್ಕೆ ಬೀಟು ಕಟ್ಟುವುದು, ಅವಳ ಗೆಳತಿ ಮಾರಿಸಾ ಮತ್ತು ಮಾರಿಸಾಳ ತಮ್ಮ ಜೋಯಿ ರ‍್ಯಾಪ್ ಹಾಡುವುದು ಕಾಲೇಜಿನ ದಿನಗಳಿಂದ ಇಲ್ಲೇ ನಡೆದಿತ್ತು. ಆ ಅಕ್ಕತಮ್ಮ ಅಮೆರಿಕದ ಈ ಕೊಲ್ಲಿ ತೀರದ ಮೂಲನಿವಾಸಿಗಳು. ಫ್ರೀವೇ, ಅಪಾರ್ಟ್‌ಮೆಂಟು ಏಳುವ ಎಷ್ಟೋ ಮೊದಲೇ ಇಲ್ಲಿದ್ದವರ ಮಕ್ಕಳು. ಈಗ ಬಾಡಿಗೆ ಕೈಗೆಟುಕದೆ ದೂರದ ಸ್ಟಾಕ್‌ಟನ್ನಿಗೆ ಹೊರಟಿದ್ದರು. ಜೋಯಿಗೆ ಅಲ್ಲಿ ಗೋದಾಮಿನ ಕೆಲಸ ಸಿಕ್ಕಿತ್ತು. ಇಂದು ಸಂಜೆ ಓಕ್‌ಲ್ಯಾಂಡಿನ ವೇದಿಕೆಯಲ್ಲಿ ಮೆಚ್ಚಿಗೆಯಾದರೆ ದೇಶ ಸುತ್ತಿ ಹಾಡುವ ಅವಕಾಶ. ಇಲ್ಲದಿದ್ದರೆ ತಂಡ ಇಲ್ಲಿಗೇ ಮುಗಿದಂತೆ.

ಸಂಘಟಕರು ಕೇಳಿದ್ದು ಜನರ ಬಾಯಲ್ಲಿದ್ದ ಒಂದೇ ಹಾಡನ್ನು. ಅದರಲ್ಲಿ, ಹಿಂದೆ ರೆಕಾರ್ಡು ಮಾಡಿಕೊಂಡಿದ್ದ ಮಾರಿಸಾಳ ಅಜ್ಜಿಯ ದನಿ ಇತ್ತು. ಆ ಅಜ್ಜಿ ಹೋದ ವಾರ ತೀರಿಕೊಂಡಿದ್ದಳು. ಸತ್ತವರ ದನಿಯನ್ನು ವರ್ಷ ತುಂಬುವವರೆಗೆ ಕೇಳಿಸಬಾರದೆಂಬುದು ಅವರ ಮನೆಯ ನಡಾವಳಿ. ಕೇಳಿಸಿದರೆ, ಹೊರಟವರು ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರಂತೆ.

"ಅಜ್ಜಿಯ ಮಾತೆಲ್ಲ ತೆಗೆದಿದ್ದೀನಿ," ಇಂಚರಾ ಇಂಗ್ಲಿಷಿನಲ್ಲಿ ಹೇಳಿದಳು. "ಒಂದು ಪದವೂ ಇಲ್ಲ."

"ಪದ ಇಲ್ಲ. ಹಿಂದುಗಡೆ ಹಸ್, ಹಸ್ ಅಂತಿದೆಯಲ್ಲ, ಅದು ಯಾರದು?"

ಇಂಚರಾ ತೆರೆಯತ್ತ ಬಾಗಿ ನೋಡಿದಳು. ಪದಗಳ ನಡುವೆ ಮುದುಕಿ ಎಳೆದುಕೊಂಡಿದ್ದ ಉಸಿರನ್ನು ಕತ್ತರಿಸಿ, ಅದನ್ನೇ ತಾಳವಾಗಿ ಹಾಡಿನುದ್ದಕ್ಕೂ ಹೊಲಿದವಳು ಅವಳೇ. ದಿನಾ ಕೇಳಿ ಕೇಳಿ, ಅದೊಂದು ಜೀವದ್ದು ಎಂಬುದನ್ನೇ ಮರೆತಿದ್ದಳು.

"ಅದು ಬರೀ ಬೀಟು!" ಜೋಯಿ ಕೂಗಿದ. "ಯಾರಿಗೆ ತಿಳಿಯುತ್ತೆ? ಅಜ್ಜಿ ಇದ್ದಿದ್ರೆ, ಹೋಗಿ ಹಾಡ್ರೋ ಸೋಮಾರಿಗಳಾ ಅಂತಿದ್ಲು."

"ಇದ್ದಿದ್ರೆ," ಎಂದಳು ಮಾರಿಸಾ.

ಬಾಗಿಲ ಪಕ್ಕದ ಮೂಲೆಯ ಕುರ್ಚಿಯಲ್ಲಿದ್ದ ಮಾಧುರಿಯ ಅತ್ತೆ ಬಂಗಾರೆವ್ವ ಸೊಸೆಯ ಸೆರಗು ಜಗ್ಗಿದಳು. "ಏನಂತವಾ? ಜೋಯಪ್ಪ ಯಾಕ ಹಂಗ ಒದರಾಕತ್ತಾನ?"

ಮಾಧುರಿ ಮೆಲ್ಲಗೆ ತಿಳಿಸಿದಳು. ಉಬ್ಬಸದ ಮುದುಕಿ ಏದುತ್ತಲೇ ಅಂದಳು: "ಉಸುರು ಬ್ಯಾರೆ, ದನಿ ಬ್ಯಾರೆ ಏನ್? ನನಗಂತೂ ಎರಡೂ ಒಂದಾಗಿ ಹೋಗ್ಯಾವ."

ಇಂಚರಾ ಉಸಿರುಗಳನ್ನು ಒಂದೊಂದಾಗಿ ಅಳಿಸಿದಳು. ಮತ್ತೆ ಹಾಡು ಹಚ್ಚಿದಾಗ ಬರಿಯ ಡ್ರಮ್ಮು ಉಳಿದಿತ್ತು, ಖಾಲಿ ಡಬ್ಬಿ ಬಡಿದಂತೆ. ಮಾರಿಸಾ ಬಾಯಿ ತೆರೆದಳು. ತಡವಾಯಿತು. ಇನ್ನೊಮ್ಮೆ ತೆರೆದಳು. ಸಾಲು ಮುಂದೆ ಓಡಿಹೋಗಿತ್ತು.

"ಎಲ್ಲಿ ಎತ್ತಿಕೊಳ್ಳಬೇಕೋ ಗೊತ್ತಾಗ್ತಿಲ್ಲ," ಎಂದಳು. "ಇಷ್ಟು ದಿನ ಅಜ್ಜಿ ಜೊತೇಲೇ ಉಸಿರು ಎಳೀತಿದ್ದೆ."

"ಅಮ್ಮಾ, ಏನಾದ್ರೂ ಮಾಡು," ಎಂದಳು ಇಂಚರಾ. ಚಿಕ್ಕಂದಿನಲ್ಲಿ ಬಿದ್ದು ಎದ್ದಾಗ ಬಿಟ್ಟರೆ ಅವಳು ಕನ್ನಡದಲ್ಲಿ ಹೀಗೆ ಕೇಳಿದ್ದೇ ಇಲ್ಲ. ಮಾಧುರಿ ಅವಳ ತಲೆಯ ಮೇಲೆ ಕೈಯಿಟ್ಟಳು.

ಜೋಯಿ ಹೊರಗೆ ಹೋಗಿ ಸಂಘಟಕರಿಗೆ ಫೋನು ಮಾಡಿ ಬಂದ. "ಆ ಹಾಡಿಲ್ಲದಿದ್ರೆ ಬೇಡವಂತೆ. ನಮ್ಮ ಜಾಗಕ್ಕೆ ಬೇರೆಯವರು ಸಿದ್ಧ ಇದಾರಂತೆ." ಅಕ್ಕನ ಕಡೆ ನೋಡದೆ ವಯರುಗಳನ್ನು ಸುತ್ತತೊಡಗಿದ. ಸುತ್ತಿದ್ದು ಬಿಚ್ಚಿಕೊಂಡಿತು. ಮತ್ತೆ ಸುತ್ತಿದ.

ಮಾರಿಸಾ ಸಿಮೆಂಟಿನ ನೆಲಕ್ಕೆ ಕುಸಿದು ಬಂಗಾರೆವ್ವನ ಮೊಣಕಾಲಿಗೆ ತಲೆಯಾನಿಸಿದಳು. "ಅಳಬ್ಯಾಡ ಯವ್ವಾ," ಎಂದ ಮುದುಕಿ ಮುಂದೆ ಮಾತು ಹೊರಡದೆ ಏದತೊಡಗಿದಳು. ಆ ಉಸಿರು ಏರಿತು, ಸಿಕ್ಕಿಕೊಂಡಿತು, ಇಳಿಯಿತು. ತುಸು ಹೊತ್ತಿಗೆ ಮಾರಿಸಾಳ ಹೆಗಲೂ ಅದರೊಂದಿಗೇ ಏರಿಳಿಯತೊಡಗಿತು.

ಅವರ ಪಕ್ಕದಲ್ಲೇ ಮೈಕಿನ ಕೆಂಪು ದೀಪ ಉರಿಯುತ್ತಿತ್ತು; ಆ ಏದುಸಿರೂ ರೆಕಾರ್ಡಾಗುತ್ತಿತ್ತು. ಇಂಚರಾ ಎದ್ದು ಬಂದು ಅದನ್ನು ಆರಿಸಿದಳು.