ಪಟ್ಟಿಯೊಳಗಿನ ಕಂಬಳಿ

ಟಕ್ಕೆಂದಿತೋ ಇಲ್ಲವೋ, ಪಕ್ಕದ ಮನೆಯ ನೀರಿನ ಮೋಟರು ಅದೇ ಹೊತ್ತಿಗೆ ಗುರುಗುಟ್ಟಬೇಕೇ, ಟಕ್ ಅಂತ ಸದ್ದು ಬರಬೇಕು ಅತ್ತೆ, ಬರಲಿಲ್ಲ ಅಂದ್ರೆ ಕೂತಿಲ್ಲ ಅಂತ್ಲೇ ತಿಳ್ಕಳ್ರಿ ಎಂದು ಅಳಿಯ ರವಿಕಿರಣ್ ನಿನ್ನೆ ಫೋನಿನಲ್ಲಿ ಹೇಳಿದ್ದ — ಕಾಟಮ್ಮ ಕಾರಿನ ಹಿಂಬಾಗಿಲಲ್ಲಿ ಅರ್ಧ ಮೈ ತೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟಿನ ನಾಲಗೆಯನ್ನು ಬಿಡಿಸಿ ಮತ್ತೆ ತುರುಕಿದಳು, ಟಕ್, ಹಾಂ, ಈ ಸಲ ಕೇಳಿಸಿತು, ಆದರೂ ಕೂಸಿನ ಸೀಟು ಎಡಕ್ಕೂ ಬಲಕ್ಕೂ ತೊನೆಯುತ್ತಲೇ ಇದೆ, ಇದೆಂಥ ಸೀಟೋ, ಆಮೆಯನ್ನು ಮಗುಚಿ ಹಾಕಿದ ಹಾಗಿದೆ, ಬೆನ್ನು ಮುಂದಕ್ಕೆ ಮುಖ ಹಿಂದಕ್ಕೆ ಮಾಡಿ ಕೂರಿಸಬೇಕಂತೆ, ಅಪ್ಪನ ಮನೆಗೆ ಮೊದಲ ಸಲ ಹೊರಟ ಕೂಸು ಆ ಮನೆಗೆ ಬೆನ್ನು ಹಾಕಿಕೊಂಡು ಹೋಗುವುದೇ, ಹೋಗಲಿ ಬಿಡು, ಹಾಗಾದರೂ ಮೊಳಕಾಲ್ಮೂರು ಮುಟ್ಟುವವರೆಗೆ ಚಳ್ಳಕೆರೆ ಕಡೆಗೇ ನೋಡಿಕೊಂಡಿರುತ್ತದಲ್ಲ. ಅಕ್ಕಾ, ರಾಹುಕಾಲ ಬರೋದ್ರಾಗೆ ಹೊಸಲು ದಾಟಬೇಕು ಅಂದೋಳು ನೀನೇ ಕಣಕ್ಕಾ ಎಂದು ಹೊರಗೆ ಬಾಡಿಗೆ ಕಾರಿನ ಪಾತಣ್ಣ ಕಾರಿನ ತಲೆ ಮೇಲೆ ಬೆರಳಾಡಿಸುತ್ತಿದ್ದಾನೆ, ಇರಪ್ಪ, ನಿನ್ನ ಕಾರೇನು ಓಡಿಹೋಗುತ್ತದೆಯೇ, ಸೀಟಿನ ಪಕ್ಕಕ್ಕೆ ಅಂಟಿಸಿದ ಚಿತ್ರದಲ್ಲಿ ಮೂಗು ಬಾಯಿ ಇಲ್ಲದ ಮನುಷ್ಯನೊಬ್ಬ ಸೀಟಿನ ಮೇಲೆ ಮಂಡಿ ಊರಿ ಬೆಲ್ಟು ಜಗ್ಗುತ್ತಿದ್ದಾನೆ, ಅಕ್ಷರವೆಲ್ಲ ಯಾವ ದೇಶದ್ದೋ, ಮಂಡಿ ಮಾತ್ರ ನಮ್ಮೂರಿನದೇ — ಕಾಟಮ್ಮನಿಗೆ ಒಳಗೊಳಗೇ ನಗು ಬಂತು, ಅಯ್ಯೋ ಇದಾ, ಇದನ್ನು ನನಗೆ ಹೇಳಿಕೊಡಬೇಕೇ, ಕಂಬಳಿ ಹೊರೆ ಕಟ್ಟಿ ಕಟ್ಟಿ ಸವೆದ ಮಂಡಿ ಇದು, ಹೊರೆಯ ಮೇಲೆ ಮಂಡಿ ಊರಿ, ಉಣ್ಣೆಯೊಳಗಿನ ಗಾಳಿಯೆಲ್ಲ ಹೊರಗೆ ಹೋಗುವ ಹಾಗೆ ಮೈಭಾರ ಬಿಟ್ಟು ಹಗ್ಗ ಎಳೆದರೆ ಮಣೆಯ ಹಾಗೆ ಕೂರುತ್ತಿತ್ತು, ಹಗ್ಗದ ಕೆಳಗೆ ಕೈ ತೂರಬಾರದು ಕಣೇ ಎನ್ನುತ್ತಿದ್ದ ಗಂಡ ಓಬಯ್ಯ, ಇದ್ದಷ್ಟು ದಿನವೂ ಅದನ್ನೇ ಹೇಳಿದ, ಅವಳು ಕಟ್ಟಿದ ಹೊರೆ ಒಂದೂ ಸಡಿಲವಾದದ್ದಿಲ್ಲ, ಆ ಒಂದು ಸಲ ಬಿಟ್ಟರೆ — ಅದು ಈಗೇಕೆ, ಅವಳು ಮಂಡಿ ಊರಿ, ಬೆಲ್ಟನ್ನು ಸೀಟಿನ ಅಂಚಿನ ನೀಲಿ ಕೊಂಡಿಗಳ ಕೆಳಗಿಂದ ಎಳೆದಳು, ಎಳೆದಳು, ಸೀಟು ಕಾರಿನ ಮೈಗೆ ಕಚ್ಚಿಕೊಂಡಿತು, ಅಲ್ಲಾಡಿಸಿದರೆ ಈಗ ಕಾರೇ ಅಲ್ಲಾಡುತ್ತಿದೆ.

ಸೀಟೇನೋ ಕೂತಿತು, ಕೂಸನ್ನು ಕೂರಿಸಬೇಕಲ್ಲ. ಐದು ತಿಂಗಳು ಈ ಮಡಿಲಲ್ಲೇ ಎರೆದುಕೊಂಡು, ಈ ಮಡಿಲಲ್ಲೇ ಉಚ್ಚೆ ಹೊಯ್ದುಕೊಂಡು ಬೆಳೆದ ಕೂಸು, ಬಾಣಂತನ ಮುಗಿಸಿ ಮಗಳನ್ನು ಕಳಿಸುವ ದಿನ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋಗಿ ಅವರ ಮನೆಯ ಹೊಸಲಲ್ಲಿ ಇಳಿಸಿ ಬರುತ್ತೇನೆ ಎಂದು ಅವಳು ಎಷ್ಟು ದಿನದಿಂದ ಮನಸ್ಸಿನಲ್ಲೇ ಹೋಗಿ ಬರುತ್ತಿದ್ದಳೋ, ಅಷ್ಟರಲ್ಲಿ ಬಸ್ಸಿನಲ್ಲಿ ಬಂತು ಈ ಪ್ಲಾಸ್ಟಿಕ್ ಮಡಿಲು, ಮೊಳಕಾಲ್ಮೂರಿನ ಯಾರೋ ಡಾಕ್ಟರ ಮಗು ಕೂತು ಬೆಳೆದು ಬಿಟ್ಟದ್ದು, ಅಳಿಯ ಕೇಳಿ ಇಸಕೊಂಡು ಕಳಿಸಿದ್ದು, ತಾನು ಮಾತ್ರ ಬರಲಾರ, ಆಂಬುಲೆನ್ಸ್ ಓಡಿಸುವವನಿಗೆ ಕೇಳಿದ ದಿನ ರಜೆ ಕೊಡುವವರು ಯಾರು. ನನ್ನ ಕೈಗಿಂತ ಇದು ಗಟ್ಟಿಯೇನಪ್ಪಾ ಎಂದು ಅವಳು ಕೇಳಿಯೇ ಬಿಟ್ಟಿದ್ದಳು, ಕೇಳಬಾರದಿತ್ತು, ಅವನು ಹೇಳಿದ, ತೊಡೆ ಮ್ಯಾಲೆ ಕೂಸು ಇಟ್ಕಂಡಿದ್ದೋರ್ನ ನಾನು ಕಾರ್‍ನಿಂದ ಇಳಿಸೀನಿ ಅತ್ತೆ, ಕೈ ಹಂಗೇ ಮಡಚ್ಕಂಡಿರ್ತಾವೆ, ಕೈಯಾಗೆ ಕೂಸಿರಲ್ಲ. ಆ ಮಾತಿಗೇ ಅವಳು ಸೀಟಿಗೆ ಒಪ್ಪಿಕೊಂಡಳು, ಆದರೆ ಕಂಬಳಿ ವಿಷಯದಲ್ಲಿ ಒಪ್ಪಿಕೊಂಡಿರಲಿಲ್ಲ, ಬೆಳಗ್ಗೆ ಆಸ್ಪತ್ರೆ ಬಾಗಿಲಿಂದ ಫೋನು ಮಾಡಿ ಅವಸರದಲ್ಲಿ ಹೇಳಿದ್ದ, ಕಂಬಳಿ ಪಟ್ಟಿ ಒಳಗೆ ಬ್ಯಾಡ ಅತ್ತೆ, ಮೊದ್ಲು ಪಟ್ಟಿ ಬಿಗೀರಿ, ಆಮ್ಯಾಲೆ ಮ್ಯಾಲಿಂದ ಹೊದಿಸ್ರಿ, ಆತೇಳಪ್ಪ ಮ್ಯಾಲೇ ಹೊದಿಸ್ತೀನಿ ಎಂದಳು, ಹಾಗೆ ಅನ್ನುವಾಗಲೇ ಕೂಸನ್ನು ಕಂಬಳಿಯಲ್ಲಿ ಸುತ್ತಿ ಮುಗಿದಿತ್ತು. ಕುರಿಮರಿಯ ಮೊದಲ ಕತ್ತರಿಯ ಉಣ್ಣೆ, ತಾನೇ ನೂತದ್ದು ತಾನೇ ನೆಯ್ದದ್ದು, ಮಾರುವ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿ ಇದಕ್ಕೆ ಸೋಕಿಸದೆ ಮೆತ್ತಗೆ ಉಳಿಸಿದ್ದು, ಮೇಲಿಂದ ಹೊದಿಸಿದರೆ ಈ ಪುಂಡಿ ಗಳಿಗೆಯಲ್ಲಿ ಒದ್ದು ಬಿಸಾಕುತ್ತಾಳೆ, ಈ ಚಳಿ ಅವನಿಗೇನು ಗೊತ್ತು, ನನ್ನ ಮಡಿಲು ಬೇಡವೆಂದರೆ ನನ್ನ ಕಂಬಳಿಯಾದರೂ ಇರಲಿ, ಎಂದುಕೊಂಡು ಕಂಬಳಿಯ ಸಮೇತ ಕೂರಿಸಿ, ಕಾಲುಗಳನ್ನು ಆಚೆಗೊಂದು ಈಚೆಗೊಂದು ಮಾಡಿ, ಭುಜದ ಮೇಲೆ ಪಟ್ಟಿ ಇಳಿಸಿ, ಕ್ಲಿಪ್ಪು ಹಾಕಿ, ಟಕ್, ಕೆಳಗಿನ ಬಾರು ಎಳೆದಳು. ಎರಡು ಬೆರಳಲ್ಲಿ ಪಟ್ಟಿ ಹಿಡಿದು ನೋಡ್ರಿ, ಮಡಿಕೆ ಸಿಕ್ಕರೆ ಸಡಿಲ, ಸಿಗಲಿಲ್ಲ ಅಂದ್ರೆ ಸರಿ ಎಂದೂ ಹೇಳಿದ್ದ, ಹಿಡಿದು ನೋಡಿದಳು, ಸಿಗಲಿಲ್ಲ, ಕಂಬಳಿಯ ಮೇಲೆ ಪಟ್ಟಿ ನೆಟ್ಟಗೆ ಬಿಗಿದು ಕೂತಿತ್ತು. ಸರಿ ಐತೇನವ್ವ ಎಂದು ಮುಂದಿನ ಸೀಟಿನಿಂದ ಮಗಳು ತೇಜಶ್ರೀ ತಿರುಗಿ ಕೇಳಿದಳು, ಹಿಂದೆ ಕೂತರೆ ಅವಳಿಗೆ ವಾಂತಿ, ಸರಿ ಇಲ್ದೆ ಏನು, ನಾನು ಕಟ್ಟಿದ್ದು ಬಿಚ್ಚತ್ತೇನೇ.

ಊರು ದಾಟಿತು, ಶೇಂಗಾ ಮಿಲ್ಲಿನ ವಾಸನೆ ಹಿಂದೆ ಬಿತ್ತು, ಪಾತಣ್ಣ ಹೈವೇ ಸಿಕ್ಕಿದ್ದೇ ಬೇರೆ ಮನುಷ್ಯನಾದ, ಬಳ್ಳಾರಿ ಕಡೆಯ ಲಾರಿಗಳನ್ನು ಒಂದೊಂದೇ ಹಿಂದೆ ಹಾಕುತ್ತಿದ್ದಾನೆ, ನಿಧಾನ ಕಣೋ ಅಂದರೆ ಇದು ನಿಧಾನವೇ ಅಕ್ಕಾ ಅನ್ನುತ್ತಾನೆ, ಕೂಸು ಅವಳನ್ನೇ ನೋಡುತ್ತಿದೆ, ಇಡೀ ಕಾರಿನಲ್ಲಿ ಅದರ ಮುಖ ಕಾಣುವುದು ಅವಳೊಬ್ಬಳಿಗೇ, ಬಾಯಿಯ ತುದಿಯಲ್ಲಿ ಹಾಲಿನ ಗುಳ್ಳೆ, ಕಣ್ಣಿಗೆ ಹಚ್ಚಿದ ಕಪ್ಪು ಕೆನ್ನೆಗಿಳಿದಿದೆ, ನಾಳೆ ಇಷ್ಟು ಹೊತ್ತಿಗೆ ಯಾರ ಮುಖ ನೋಡುತ್ತೀಯೇ, ಅಜ್ಜಿ ಅಂತ ಒಬ್ಬಳಿದ್ದಳು ಅಂತ ನೆನಪಿರುತ್ತದೆಯೇ. ಯುಗಾದಿಗೆ ಕರ್ಕೊಂಡು ಬಾರೇ ಎಂದಿದ್ದಕ್ಕೆ ತೇಜಶ್ರೀ ನೋಡಾನಂತೆ ಅವ್ವ ಎಂದಿದ್ದಳು, ನೋಡಾನಂತೆ ಎಂದರೆ ಏನು, ಮೊನ್ನೆ ಎರೆಯುವಾಗ ನೀರು ಬಿಸಿಯಾಯಿತು ಎಂದು ಕೂಸನ್ನು ಕೈಯಿಂದ ಕಸಿದುಕೊಂಡಿದ್ದಳು, ಆವತ್ತಿನಿಂದ ಅವ್ವನ ಕೈ ಮೇಲೇ ಅವಳ ಕಣ್ಣು, ಇದೊಂದು ಸರಿಯಾಗಿ ಮುಟ್ಟಿಸಿಬಿಟ್ಟರೆ ಸಾಕು, ಅಳಿಯನೇ ಬಾಗಿಲಲ್ಲಿ ನಿಂತು ನೋಡಿ ಅತ್ತೆ ಚೆನ್ನಾಗಿ ಕೂರಿಸೀರಿ ಅಂದುಬಿಟ್ಟರೆ ಸಾಕು, ಆಮೇಲೆ ಯುಗಾದಿಗೂ ಕಳಿಸುತ್ತಾರೆ, ಬೇಸಿಗೆಗೂ ಕಳಿಸುತ್ತಾರೆ. ತಳಕು ಬಂತು, ಹೋಯಿತು, ಬಿಸಿಲು ಕಿಟಕಿಯಿಂದ ಒಳಗೆ ಬಂದು ಕೂಸಿನ ಕಾಲ ಮೇಲೆ ಕೂತಿತು, ರಸ್ತೆಯ ಉಬ್ಬಿಗೆ ಕಾರು ಕುಲುಕಿದಾಗಲೆಲ್ಲ ಕೂಸಿನ ಗಲ್ಲ ಕುಲುಕುತ್ತದೆ — ಅಲುಗಾಡಿ ಅಲುಗಾಡಿ ಉಣ್ಣೆ ಕುಗ್ಗುತ್ತೆ ಕಣೇ ಎಂದು ಓಬಯ್ಯ ಹೇಳಿದ್ದು ಆವತ್ತೇ, ಆ ಒಂದು ಸಲ, ದಾವಣಗೆರೆಗೆ ಹೋದ ಹೊರೆ, ತೇಜಶ್ರೀ ಹೊಟ್ಟೆಯಲ್ಲಿದ್ದಳು, ತುಂಬಿದ ಬಸುರಿ ಮಂಡಿ ಊರಿ ಮೈಭಾರ ಬಿಡುವುದು ಹೇಗೆ, ಕೈಯಿಂದಲೇ ಎಳೆದು ಗಂಟು ಹಾಕಿದ್ದಳು, ಗಂಟು ಗಟ್ಟಿಯಾಗಿಯೇ ಇತ್ತು, ಬಸ್ಸಿನ ತಲೆ ಮೇಲೆ ಹೋದ ಕಂಬಳಿಗಳು ದಾರಿಯಲ್ಲಿ ಒಂದೊಂದಾಗಿ ಜಾರಿ ಬಿದ್ದು ಯಾರ ಪಾಲಾದವೋ, ಸಂಜೆ ಓಬಯ್ಯ ಬರಿಗೈಲಿ ಬಂದು ಹಗ್ಗವನ್ನು ಅವಳ ಮುಂದೆ ಹಿಡಿದ, ಬೈಯಲಿಲ್ಲ, ಬೈದಿದ್ದರೆ ಮರೆತುಹೋಗುತ್ತಿತ್ತು. ಹಗ್ಗ ಹಾಕಿದ ಹಾಗೇ ಇತ್ತು. ಗಂಟು ಬಿಚ್ಚಿರಲಿಲ್ಲ, ಒಳಗೆ ಏನೂ ಇರಲಿಲ್ಲ.

ಏಯ್ ಏಯ್ ಎಂದು ಪಾತಣ್ಣ ಬ್ರೇಕು ತುಳಿದ, ಟೈರು ಕಿರುಚಿತು, ಮುಂದೆ ರಸ್ತೆ ತುಂಬ ಕುರಿ, ಬಿ.ಜಿ. ಕೆರೆಯ ಈಚೆಗೆ ಹಿಂಡು ಅಡ್ಡ ದಾಟುತ್ತಿದೆ, ಕಾಟಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು, ಒಂದು ಕೈ ತಾನಾಗಿಯೇ ಕೂಸಿನ ಮೇಲೆ ಹೋಗಿತ್ತು, ಸೀಟು ಕದಲಲಿಲ್ಲ, ಮಂಡಿ ಊರಿ ಕಟ್ಟಿದ್ದು ಎಲ್ಲಿ ಕದಲೀತು, ಆದರೆ ಕೂಸು — ಕೂಸು ಸೀಟಿನೊಳಗೆ ಮೇಲಕ್ಕೆ ಜಾರಿದೆ, ಕಿವಿಯ ಮಟ್ಟಕ್ಕಿದ್ದ ಸೀಟಿನ ಅಂಚು ಈಗ ಕೆನ್ನೆಯ ಹತ್ತಿರ ಇದೆ. ಕೂಸು ಹೆಂಗೈತವ್ವ, ಏನಿಲ್ಲ ಕಣೇ, ನಗ್ತಾಳೆ, ನಗುತ್ತಿತ್ತು ನಿಜವೇ, ಕುರಿಗಳು ಮೈಗೆ ಮೈ ತಿಕ್ಕಿಕೊಂಡು ಹೋಗುತ್ತಿವೆ, ಒಂದೊಂದರ ಬೆನ್ನಿನ ಮೇಲೂ ಕತ್ತರಿಸದ ಉಣ್ಣೆ, ನೋಡಲು ಎಷ್ಟು ದಪ್ಪ, ಒತ್ತಿದರೆ ಒಳಗೆ ಇಷ್ಟೇ ಇಷ್ಟು ಮೈ — ಅವಳ ಅಂಗೈ ಕಂಬಳಿಯ ಮೇಲೇ ಇತ್ತು, ಒತ್ತಿದಳು, ಕಂಬಳಿ ತಗ್ಗಿತು, ತಗ್ಗುತ್ತಲೇ ಹೋಯಿತು, ಎರಡು ಬೆರಳಲ್ಲಿ ಪಟ್ಟಿ ಹಿಡಿದಳು, ಸಿಕ್ಕಿತು, ಮಡಿಕೆ ಸಿಕ್ಕಿತು, ಬೆರಳೇನು, ಇಡೀ ಕೈ ಒಳಗೆ ತೂರಿತು. ಕಾರು ಮತ್ತೆ ಹೊರಟಿದೆ, ಪಾತಣ್ಣ ಕಳೆದ ಹೊತ್ತನ್ನು ಹಿಡಿಯಬೇಕೆಂದು ಇನ್ನೂ ಜೋರಾಗಿ ಹೊಡೆಯುತ್ತಿದ್ದಾನೆ, ಎದುರಿನಿಂದ ಲಾರಿ, ಅದರ ಹಿಂದೆ ಲಾರಿ, ಉಣ್ಣೆ ಕುಗ್ಗುತ್ತದೆ ಎಂದು ಈ ಕಾರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಿನಗೇ ಅಲ್ಲವೇ ಕಾಟಮ್ಮ, ಸೀಟಿಗೆ ಮಂಡಿ ಊರಿದೆ, ಕೂಸಿಗೆ ಮಂಡಿ ಊರಲಾಗಲಿಲ್ಲ, ಊರುವುದು ಹೇಗೆ, ಆವತ್ತೂ ಹಾಗೇ. ಬಾರನ್ನು ಹುಡುಕಿ ಎಳೆದಳು, ಎಳೆದಷ್ಟೂ ಕಂಬಳಿ ಮುದುಡಿ ಅಡ್ಡ ಬರುತ್ತದೆ, ಇದನ್ನು ಬಿಚ್ಚಿ ಕಂಬಳಿ ತೆಗೆದೇ ಕಟ್ಟಬೇಕು, ಕಟ್ಟಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸು ಎಂದರೆ ಯಾಕೆ ಎನ್ನುತ್ತಾಳೆ ಮಗಳು, ಯಾಕೆಂದು ಹೇಳಿದರೆ ಅಳಿಯನಿಗೆ ಹೇಳಿದ ಸುಳ್ಳೂ ಹೊರಗೆ ಬರುತ್ತದೆ, ಆಮೇಲೆ ಯುಗಾದಿ ಎಲ್ಲಿಯದು, ಬೇಸಿಗೆ ಎಲ್ಲಿಯದು, ಅವ್ವನ ಕೈಗೆ ಕೂಸು ಕೊಡಬ್ಯಾಡ್ರಿ ಎಂದು ಅವಳೇ ಗಂಡನಿಗೆ ಹೇಳುತ್ತಾಳೆ, ಇನ್ನೆಷ್ಟು ದೂರ, ಕೊಂಡ್ಲಹಳ್ಳಿ, ಆಮೇಲೆ ಹಾನಗಲ್ ಕ್ರಾಸು, ತಿರುಗಿದರೆ ಊರೇ, ಕೈ ಅಡ್ಡ ಹಿಡಿದುಕೊಂಡೇ ಕೂತರೆ ಆಗುವುದಿಲ್ಲವೇ, ಇಲ್ಲಿಯವರೆಗೆ ಏನೂ ಆಗಿಲ್ಲವಲ್ಲ, ಹೀಗೆ, ಎದೆಗೆ ಅಡ್ಡಲಾಗಿ, ಎರಡೂ ಕೈ ಮಡಚಿ — ಕೈ ಹಂಗೇ ಮಡಚ್ಕಂಡಿರ್ತಾವೆ ಅತ್ತೆ.

ನಿಲ್ಲಿಸೋ. ಏನಕ್ಕಾ, ನಿಲ್ಲಿಸು ಅಂದ್ನಲ್ಲ, ಪಕ್ಕಕ್ಕೆ ಹಾಕೋ ಮೊದ್ಲು, ತನ್ನ ದನಿ ತನಗೇ ಗುರುತು ಸಿಗಲಿಲ್ಲ, ಕಾರು ಬೇವಿನ ಮರದ ಕೆಳಗೆ ಜಲ್ಲಿಯ ಮೇಲೆ ಕರಕರ ನಿಂತಿತು, ಒಂದು ಲಾರಿ ಬೀಸಿಕೊಂಡು ಹೋದ ಗಾಳಿಗೆ ಕಾರೇ ಹೊಯ್ದಾಡಿತು, ತೇಜಶ್ರೀ ಇಳಿದು ಓಡಿಬಂದು ಬಾಗಿಲು ತೆಗೆದು ಏನಾತವ್ವ ಏನಾತು ಎನ್ನುತ್ತಿದ್ದಾಳೆ, ತಪ್ಪು ಕಟ್ಟೀನಿ ಕಣೇ, ನಿನ್ನ ಗಂಡ ಬ್ಯಾಡ ಅಂದಿದ್ದ, ನಾನೇ ಕೇಳ್ಲಿಲ್ಲ, ಕಂಬಳಿ ಒಳಗಿಟ್ಟು ಕಟ್ಟೀನಿ, ಹೇಳಿದ್ದಾಯಿತು, ಇಷ್ಟೇ, ಇದಕ್ಕಾಗಿ ಇಷ್ಟು ದೂರ ಬಾಯಿ ಮುಚ್ಚಿಕೊಂಡು ಬಂದೆನಲ್ಲ ಎಂದು ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು, ಕಂಬಳಿಯ ತುದಿಯನ್ನು ಹಿಡಿದು ಮೆಲ್ಲಗೆ ಎಳೆದಳು, ಕೂಸಿನ ಬೆನ್ನ ಕೆಳಗಿಂದ, ಕಂಕುಳ ಕೆಳಗಿಂದ, ತೊಡೆಗಳ ನಡುವಿಂದ ಅದು ಸರಸರ ಬಂತು, ಎಷ್ಟಿತ್ತಪ್ಪಾ ಕಂಬಳಿ, ಬರುತ್ತಲೇ ಇತ್ತು, ಎಲ್ಲ ಬಂದ ಮೇಲೆ ಸೀಟಿನಲ್ಲಿ ಉಳಿದ ಕೂಸು ಅವಳು ಎಣಿಸಿದ್ದಕ್ಕಿಂತ ಎಷ್ಟೋ ಚಿಕ್ಕದು, ಅಂಗಿಯ ಗುಂಡಿಯ ಮೇಲೆ ಪಟ್ಟಿಗಳು ಸುಮ್ಮನೆ ಜೋತುಬಿದ್ದಿವೆ, ಕೂಸಿಗೆ ಚಳಿ ತಾಗಿ ಅಳು ಬಂತು, ಅಳುವಿಗೆ ಅವಳ ಕೈ ಯೋಚನೆಯನ್ನೇ ಮಾಡಲಿಲ್ಲ, ಕಂಕುಳಿಗೆ ಕೈಯಿಟ್ಟು ಎತ್ತಿಕೊಂಡಿತು, ಎಲ್ಲಿಯೂ ತಡೆಯಲಿಲ್ಲ, ಹಿಡಿಯಲಿಲ್ಲ, ಭುಜ ಬಂತು, ಸೊಂಟ ಬಂತು, ಕಾಲು ಬಂದವು, ಬೆಳಗಿನಿಂದ ಬೇಕು ಬೇಕು ಎಂದು ಹಂಬಲಿಸಿದ ಭಾರ ಬೆಚ್ಚಗೆ ಅವಳ ಮಡಿಲಿಗೆ ಬಂದು ಕೂತಿತು, ಅಳು ನಿಂತಿತು. ಅವ್ವ, ತೇಜಶ್ರೀಯ ದನಿ ತೀರ ಸಣ್ಣಗಿತ್ತು, ಅವ್ವ, ಕ್ಲಿಪ್ಪು ಬಿಚ್ಚಲಿಲ್ಲವಲ್ಲ ನೀನು, ಕೂಸು ಹೆಂಗೆ ಬಂತು. ಕಾಟಮ್ಮ ಸೀಟಿನ ಕಡೆ ನೋಡಿದಳು, ನೋಡಬಾರದು ಎಂದುಕೊಂಡರೂ ನೋಡಿದಳು, ಮಗಳೂ ನೋಡುತ್ತಿದ್ದಾಳೆ, ಪಟ್ಟಿಗಳು ಹಾಕಿದ ಹಾಗೇ ಇವೆ, ಕೆಂಪು ಗುಂಡಿಯ ಕ್ಲಿಪ್ಪು ಹಾಕಿದ ಹಾಗೇ ಇದೆ, ಗಂಟು ಬಿಚ್ಚಿಲ್ಲ, ಗಂಟು ಬಿಚ್ಚಿಲ್ಲ, ಒಳಗೆ —